ಚರ್ಮವಿಲ್ಲದ ತಬಲಾ

ಆರೋಗ್ಯವಿದ್ದಾಗ ವ್ರತವನ್ನು ಪಾಲಿಸುವುದು ಒಂದು ಬಗೆ. ರೋಗಶಯ್ಯೆಯಲ್ಲಿ ಪಾಲಿಸುವುದು ಇನ್ನೊಂದು ಬಗೆ. ಸಿಂಧನೂರಿನಲ್ಲಿ ಭತ್ತದ ವ್ಯಾಪಾರ ಮಾಡಿಕೊಂಡಿದ್ದ ನಮ್ಮ ತಂದೆಯವರು ಯೌವನದಲ್ಲಿ ಭಜನಾ ಮಂಡಳಿಗೆ ತಬಲಾ ನುಡಿಸುತ್ತಿದ್ದರು. ಮುಂದೆ ಒಂದು ಚಾತುರ್ಮಾಸದಲ್ಲಿ ಅವರು ಚರ್ಮದ ವಸ್ತುಗಳನ್ನೆಲ್ಲ ತ್ಯಾಗ ಮಾಡಿದಾಗ ಪಾದರಕ್ಷೆಗಳೊಡನೆ ತಬಲಾ ಜೋಡಿಯೂ ಮನೆಯಿಂದ ಹೊರಟಿತು. ಅರವತ್ತೆಂಟನೆಯ ವಯಸ್ಸಿನಲ್ಲಿ ಪಾರ್ಶ್ವವಾಯುವಿನಿಂದ ಅವರ ಬಲಗೈ ಸೋತಿತು. ಜಪಮಾಲೆಯ ಒಂದು ಮಣಿಯನ್ನೂ ಸರಿಸಲಾರೆನೆಂಬುದೇ ಅವರಿಗೆ ದೊಡ್ಡ ದುಃಖವಾಯಿತು.

ವ್ಯಾಯಾಮ ಕಲಿಸಲು ಲಿಂಗಸುಗೂರಿನಿಂದ ಬರುತ್ತಿದ್ದ ತರುಣ ಫಿಸಿಯೋಥೆರಪಿಸ್ಟರು, ತಾಳ ಬಲ್ಲವರಿಗೆ ತಬಲಾದಷ್ಟು ಒಳ್ಳೆಯ ವ್ಯಾಯಾಮ ಬೇರೊಂದಿಲ್ಲವೆಂದರು. ಇದು ಬರಿಯ ಸಮಾಧಾನದ ಮಾತಲ್ಲ. ಜರ್ಮನಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾರ್ಶ್ವವಾಯುವಿನಿಂದ ಕೈ ದುರ್ಬಲವಾದವರಿಗೆ ಮೂರು ವಾರಗಳಲ್ಲಿ 15 ಸಲ, ಪ್ರತಿಸಲ ಅರ್ಧ ಗಂಟೆ, ಕೀಲಿಮಣೆ ಮತ್ತು ಡ್ರಮ್ ಹಲಗೆಗಳ ಮೇಲೆ ಅಭ್ಯಾಸ ಮಾಡಿಸಿದಾಗ ಕೈಯ ಚಲನೆ ಸುಧಾರಿಸಿತ್ತು.

ಸಮಾಜದ ಹಿರಿಯರೊಬ್ಬರು, ಔಷಧಕ್ಕೆಂದು ಬಳಸಿದರೆ ದೋಷವಿಲ್ಲವೆಂದು ಅಭಯವಿತ್ತರು. ತಂದೆಯವರು ತೊದಲುತ್ತಲೇ, "ಬಿಟ್ಟದ್ದನ್ನು ಬಿಟ್ಟಾಯಿತು, ಮತ್ತೆ ತರಬೇಡಿರಿ" ಎಂದರು. ತಾಯಿಯವರಿಗೆ ಇದು ಹಟವೆನಿಸಿತು. ಎರಡು ದಿನ ಮನೆಯಲ್ಲಿ ಮಾತೇ ಇರಲಿಲ್ಲ.

ದಾರಿ ತೋರಿದವರು ಮಸ್ಕಿಯ ನಮ್ಮ ಭಾವ. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಬೆಳಕಿಗೆ ಬಂದ ಊರು ಅದು. ಭೇರಿಯ ಘೋಷವು ಧರ್ಮಘೋಷವಾಯಿತೆಂದು ಆ ದೊರೆ ಬೇರೊಂದು ಶಾಸನದಲ್ಲಿ ಬರೆಸಿದ್ದನ್ನು ನೆನೆದು ನಗುತ್ತಲೇ ಅವರು ಕೆಲಸಕ್ಕೆ ಕುಳಿತರು. ಬೇವಿನ ಹಲಗೆಯ ಮೇಲೆ ಐದೂವರೆ ಅಂಗುಲದ ಒಂದು, ಒಂಬತ್ತು ಅಂಗುಲದ ಒಂದು, ಹೀಗೆ ಎರಡು ವೃತ್ತಗಳು. ಮೊದಲು ಟ್ರ್ಯಾಕ್ಟರ್ ಟ್ಯೂಬನ್ನು ಬಿಗಿದು ನೋಡಿದೆವು. ಅದು ಬೆರಳನ್ನು ತಾನೇ ಚಿಮ್ಮಿಸುತ್ತಿತ್ತು, ಬೆರಳಿಗೆ ಕೆಲಸವೇ ಉಳಿಯುತ್ತಿರಲಿಲ್ಲ. ಕೊನೆಗೆ ಅಕ್ಕಿ ಗಿರಣಿಯ ಹಳೆಯ ಪಟ್ಟಾ ಒದಗಿತು. ಅದು ಬಟ್ಟೆ ಮತ್ತು ರಬ್ಬರಿನದೇ ಹೊರತು ತೊಗಲಿನದಲ್ಲವೆಂದು ತಂದೆಯವರು ಅಂಚನ್ನು ಬಿಡಿಸಿ ನೋಡಿಯೇ ಒಪ್ಪಿದರು. ಮಣಿಕಟ್ಟಿಗೆ ಹತ್ತಿಯ ಸುರುಳಿ ಇಟ್ಟೆವು. ಲಯಕ್ಕೆ ಒಂದು ಮೀಟರ್ ದಾರದ ತುದಿಯಲ್ಲಿ ಕಬ್ಬಿಣದ ನಟ್ಟು: ಅತ್ತಣಿಂದ ಇತ್ತ ಒಂದು ತೂಗಿಗೆ ಸರಿಸುಮಾರು ಒಂದು ಸೆಕೆಂಡು. ಮುಂದಿನ ಪೆಟ್ಟು ಎಂದು ಬರುವುದೆಂದು ಮೊದಲೇ ಕಂಡರೆ ಕೈ ಅದಕ್ಕೆ ಅಣಿಯಾಗುತ್ತದೆ.

'ನಾ' ಎಂಬ ಬೋಲಿನಲ್ಲಿ ಉಂಗುರಬೆರಳು ಅಲುಗದೆ ಒರಗಿರಬೇಕು, ತೋರುಬೆರಳು ಮಾತ್ರ ಎದ್ದು ಬೀಳಬೇಕು. ಪಾರ್ಶ್ವವಾಯು ಕಸಿಯುವುದು ಬೆರಳುಗಳ ಈ ಪ್ರತ್ಯೇಕತೆಯನ್ನೇ. ಒಂದನ್ನೆತ್ತಲು ಹೋದರೆ ನಾಲ್ಕೂ ಮುದುಡುತ್ತವೆ. ತೀನ್‌ತಾಲದ 16 ಮಾತ್ರೆಗಳಲ್ಲಿ ಒಂಬತ್ತನೆಯದು ಖಾಲಿ. ಅಲ್ಲಿ ಎಡಗೈಯ ನಾದ ನಿಲ್ಲುತ್ತದೆ, ಸೋತ ಬಲಗೈ ಒಂಟಿಯಾಗಿ ಉತ್ತರ ಕೊಡಬೇಕಾಗುತ್ತದೆ. ಅಲ್ಲಿ ಬಂದಾಗಲೆಲ್ಲ ತಂದೆಯವರು ಉಸಿರು ಬಿಗಿಹಿಡಿಯುತ್ತಿದ್ದರು. ಸಾಮಾಯಿಕದ 48 ನಿಮಿಷ ಮುಗಿದ ಮೇಲೆ ಅರ್ಧ ಗಂಟೆ ಇದು. ಎಂಟನೆಯ ತಿಂಗಳಲ್ಲಿ ಮಾಲೆಯ 108 ಮಣಿಗಳೂ ಬಲಗೈಯಲ್ಲೇ ಸರಿದವು, ಬಲು ನಿಧಾನವಾಗಿ. ಉಂಗುರಬೆರಳು ಇಂದಿಗೂ ಪೂರ್ಣ ಒಲಿದಿಲ್ಲ.

ಚರ್ಮರಹಿತ ವಾದ್ಯ ಬರಿಯ ಮನೆಮಂದಿಯ ಕನಸಲ್ಲ; ಬೆಂಗಳೂರಿನ ಕೆ. ವರದರಂಗನ್ ಅವರು ಕೃತಕ ಮುಚ್ಚಿಗೆಯ ಮೃದಂಗವನ್ನೇ ರೂಪಿಸಿದ್ದಾರೆ. ಆದರೆ ನಮ್ಮಲ್ಲಿ ಚರ್ಮ ಬಿಟ್ಟವರು ಮೆರವಣಿಗೆಯ ಡೋಲನ್ನು ಕಿವಿತುಂಬ ಕೇಳಿ, ಅದನ್ನು ಬಾರಿಸಿದವನಿಗೆ ದೂರದಿಂದಲೇ ಹಣ ಎಸೆಯುವುದುಂಟು. ತಂದೆಯವರಿಗೆ ಇದು ಎಂದೂ ಸೇರದು. ತಬಲಾ ಕೊಟ್ಟುಬಿಟ್ಟಾಗಲೂ ಅದಕ್ಕೆ ಮುಚ್ಚಿಗೆ ಕಟ್ಟುತ್ತಿದ್ದ ಕುಶಲಿಯ ಮನೆಗೆ ಹೋಗಿ, ಪಕ್ಕದಲ್ಲಿ ಕುಳಿತು, ಕಾರಣ ಹೇಳಿ ಬಂದಿದ್ದರಂತೆ.

ಹಲಗೆ ಈಗ ಲಿಂಗಸುಗೂರಿನ ಒಂದು ಮನೆಯಲ್ಲಿದೆ. ಅಲ್ಲಿಯ ಅಜ್ಜಿಯವರಿಗೆ ಸೋತಿರುವುದು ಎಡಗೈ. ಆದ್ದರಿಂದ ಚಿಕ್ಕ ವೃತ್ತವನ್ನು ಎಡಕ್ಕೆ ತಿರುಗಿಸಿಕೊಂಡಿದ್ದಾರೆ.