ಕೆಮ್ಮಣ್ಣುಗುಂಡಿಯಲ್ಲಿ ಮೂರು ತಂತಿ

ತರೀಕೆರೆ ದಾಟಿ ಲಿಂಗದಹಳ್ಳಿಯ ಕಡೆಯಿಂದ ಘಾಟಿ ಹತ್ತತೊಡಗಿದರೆ ಮೊದಲು ಕಲ್ಲತ್ತಿಗಿರಿಯ ಜಲಪಾತ, ವೀರಭದ್ರನ ಗುಡಿ. ಆಮೇಲೆ ಬರೀ ತಿರುವುಗಳು. ಏರಿದಂತೆ ಚಳಿ ಹೆಚ್ಚುತ್ತದೆ, ರಸ್ತೆ ಬದಿಯ ಮಣ್ಣು ಕೆಂಪಾಗುತ್ತದೆ. ಕೆಮ್ಮಣ್ಣುಗುಂಡಿಗೆ ಆ ಹೆಸರು ಬಂದದ್ದೇ ಈ ಮಣ್ಣಿನಿಂದ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಈ ಗುಡ್ಡಗಳಿಂದ. 1,434 ಮೀಟರ್ ಎತ್ತರದ ಈ ತಾಣ ಒಂದು ಕಾಲಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ಬಿಡಾರ. ಈಗ ತೋಟಗಾರಿಕೆ ಇಲಾಖೆಯ ಸುಪರ್ದಿನಲ್ಲಿರುವ ಗಿರಿಧಾಮ.

ಇಲ್ಲಿಗೆ ಬರುವವರು ಸಾಮಾನ್ಯವಾಗಿ ಝಡ್ ಪಾಯಿಂಟ್ ನೋಡುತ್ತಾರೆ, ಹೆಬ್ಬೆ ಜಲಪಾತಕ್ಕೆ ಹೋಗುತ್ತಾರೆ, ಗುಲಾಬಿ ತೋಟದಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಹೋದ ಚಳಿಗಾಲದಲ್ಲಿ ನಾನು ಹೋದದ್ದು ಒಂದು ತಂತಿಯನ್ನು ಆರಿಸಿಕೊಳ್ಳಲು.

ನಾನೊಬ್ಬ ಹವ್ಯಾಸಿ ರೇಡಿಯೊದವನು. ಜನ ಹ್ಯಾಮ್ ಎನ್ನುತ್ತಾರಲ್ಲ, ಆ ಪೈಕಿ. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, ಮನೆಯಲ್ಲಿ ಪುಟ್ಟ ಪ್ರಸಾರ ಯಂತ್ರವಿಟ್ಟುಕೊಂಡು ಊರೂರಿನ ಗೆಳೆಯರೊಡನೆ ಮಾತಾಡುವ ಗೀಳು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಹಲವೆಡೆ ರಸ್ತೆ, ವಿದ್ಯುತ್ತು, ಮೊಬೈಲು ಒಟ್ಟಿಗೇ ಕೈಕೊಟ್ಟಿದ್ದವು. ನನ್ನ ಬಳಿ ರೇಡಿಯೊ ಇತ್ತು, ಬ್ಯಾಟರಿ ಇತ್ತು. ಹೊತ್ತೊಯ್ಯುವಂಥ ಆಂಟೆನಾ ಮಾತ್ರ ಇರಲಿಲ್ಲ. ಇದ್ದದ್ದು ತಾರಸಿಯ ಮೇಲೆ ಕಂಬ ನೆಟ್ಟು ಬಿಗಿದದ್ದು. ನನಗೆ ಮೋರ್ಸ್ ಕಲಿಸಿದ ಧಾರವಾಡದ ಹಿರಿಯರೊಬ್ಬರು ಆಗ ಒಂದೇ ಮಾತು ಹೇಳಿದ್ದರು: 'ಮನಿ ಮ್ಯಾಲಿನ ಏರಿಯಲ್ಲು ಮನಿಗಷ್ಟ ಆತಲ್ಲಪಾ.' ಆ ಮಾತು ಒಳಗೆ ನಾಟಿಕೊಂಡಿತ್ತು.

ಹೊತ್ತೊಯ್ಯುವ ಆಂಟೆನಾ ಎಂದರೆ ದೊಡ್ಡದೇನಲ್ಲ, ಒಂದು ತಂತಿ. ಮನೆಯ ವೈರಿಂಗಿಗೆ ಬಳಸುವ ಸಣ್ಣ ಎಳೆಯ ತಂತಿಯೇ ಸಾಕು. ಎಷ್ಟು ಉದ್ದ, ಎಲ್ಲಿ ಕಟ್ಟಬೇಕು ಎನ್ನುವುದೇ ಪ್ರಶ್ನೆ. ನಮ್ಮಲ್ಲಿ ಹಗಲು ಹೊತ್ತು ಹೆಚ್ಚಾಗಿ ಮಾತು ನಡೆಯುವುದು 7 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ, ಅಂದರೆ 40 ಮೀಟರ್ ಬ್ಯಾಂಡಿನಲ್ಲಿ. ಅಲೆಯ ಅರ್ಧದಷ್ಟು ಉದ್ದದ ತಂತಿ, ಸುಮಾರು 20 ಮೀಟರ್, ಅದಕ್ಕೆ ಒಪ್ಪುತ್ತದೆ. ಲೆಕ್ಕ ಬೇಕಾದರೆ 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಬಂದದ್ದು ಮೀಟರು. ತುಸು ಉದ್ದವಾಗಿಯೇ ಕತ್ತರಿಸಿ ಆಮೇಲೆ ಮೊಟಕು ಮಾಡುವುದು ಜಾಣತನ. ಕತ್ತರಿಸಿದ ತಂತಿ ಮತ್ತೆ ಬೆಳೆಯುವುದಿಲ್ಲ.

ಕಾರಿನಲ್ಲಿ ಮೂರು ಬಗೆಯ ತಂತಿ ಹಾಕಿಕೊಂಡು ಹೋಗಿದ್ದೆ. ಬರುವಾಗ ಒಂದನ್ನು ಆರಿಸಿರಬೇಕು, ಮಳೆಗಾಲದ ಚೀಲಕ್ಕೆ ಅದೊಂದೇ ಸೇರಬೇಕು ಎಂಬುದು ಹಿರಿಯರೊಡನೆ ಆಗಿದ್ದ ಒಪ್ಪಂದ. ಅವರಿಗೆ ಎಂಬತ್ತು ದಾಟಿದೆ. ಕಣ್ಣು ಹೋಗಿದೆ, ಕಿವಿ ಚುರುಕಾಗಿದೆ. ಬೆಳಿಗ್ಗೆ ಏಳರಿಂದ ರೇಡಿಯೊ ಮುಂದೆ ಕೂತಿರುತ್ತೇನೆ, ಯಾವ ತಂತಿ ಎಂದು ನಾನೇ ಹೇಳುತ್ತೇನೆ ಎಂದಿದ್ದರು.

ಸಂಜೆ ಅತಿಥಿಗೃಹದವರ ಅನುಮತಿ ಪಡೆದು ಮೊದಲನೆಯದನ್ನು ಏರಿಸಿದೆ. ಅದು ಡೈಪೋಲ್: ಹತ್ತು ಹತ್ತು ಮೀಟರಿನ ಎರಡು ತೋಳು, ನಡುವಿನಿಂದ ರೇಡಿಯೊಗೆ ಇಳಿಯುವ ಕೇಬಲ್ಲು. ಏಳು ಮೀಟರಿನ ಫೈಬರ್ ಕೋಲಿನ ತುದಿಗೆ ನಡುಭಾಗ ಕಟ್ಟಿ, ತೋಳುಗಳನ್ನು ಎರಡು ಕಡೆಗೆ ಇಳಿಬಿಟ್ಟರೆ ತಲೆಕೆಳಗಾದ 'ವಿ' ಆಕಾರ. ತೋಟದ ಮಾಲಿಯೊಬ್ಬರು ಬಂದು ನೋಡಿ, 'ಏನ್ ಸಾರ್, ಬಟ್ಟೆ ಒಣಗಿಸೋಕಾ?' ಎಂದು ಕೇಳಿದರು. ತಮಿಳುನಾಡು, ಕೇರಳದ ದನಿಗಳು ಸಲೀಸಾಗಿ ಬಂದವು. ಕೆಲಸದಲ್ಲಿ ಡೈಪೋಲನ್ನು ಮೀರಿಸುವುದು ಕಷ್ಟ. ಆದರೆ ಗಾಳಿ ಬೀಸಿದಾಗಲೆಲ್ಲ ಕೋಲು ಬಾಗುತ್ತಿತ್ತು, ಕೇಬಲ್ಲಿನ ಭಾರಕ್ಕೆ ನಡು ಜಗ್ಗುತ್ತಿತ್ತು. ಒಬ್ಬನೇ ಕಟ್ಟಿ ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಬಸ್ಸಿನಲ್ಲಿ ಆ ಕೋಲನ್ನು ಎಲ್ಲಿಡುವುದು?

ಮರುದಿನ ಬೆಳಗಿನ ಕತ್ತಲಲ್ಲೇ ಎರಡನೆಯದಕ್ಕೆ ಕೈಹಾಕಿದೆ. ಹತ್ತು ಮೀಟರಿನ ತಂತಿ ನೆಟ್ಟಗೆ ಮೇಲಕ್ಕೆ. ಬುಡದಲ್ಲಿ ನೆಲದ ಮೇಲೆ ಹರಡಿದ ನಾಲ್ಕು ತಂತಿ. ಮರಳಿನ ಪುಟ್ಟ ಚೀಲಕ್ಕೆ ನೈಲಾನ್ ದಾರ ಕಟ್ಟಿ ಸಿಲ್ವರ್ ಓಕ್ ಕೊಂಬೆಯ ಮೇಲೆ ಎಸೆದೆ. ಆ ಮರದ ಕೊಂಬೆ ಪೆಡಸು, ಮೊದಲನೆಯದು ಮುರಿದೇ ಬಿತ್ತು. ಮಣ್ಣಿನಲ್ಲಿ ಇಷ್ಟು ಕಬ್ಬಿಣವಿದೆಯಲ್ಲ, ನೆಲದ ತಂತಿ ಯಾಕೆ, ಒಂದು ಸರಳು ನೆಟ್ಟರೆ ಸಾಲದೇ ಎಂದು ಪ್ರಯತ್ನಿಸಿ ಪೆಟ್ಟು ತಿಂದೆ. ಮಣ್ಣಿನ ಕಬ್ಬಿಣ ತುಕ್ಕಿನ ರೂಪದಲ್ಲಿರುತ್ತದೆ. ನೆಲದಲ್ಲಿ ವಿದ್ಯುತ್ತು ಹರಿಯಲು ಬೇಕಾದದ್ದು ತೇವ ಮತ್ತು ಕರಗಿದ ಲವಣ. ಆ ಒಣ ಗುಡ್ಡದಲ್ಲಿ ಎರಡೂ ಕಡಿಮೆ. ನಾಲ್ಕು ತಂತಿ ಹರಡಿದ ಮೇಲೆಯೇ ಯಂತ್ರ ತೃಪ್ತಿಪಟ್ಟದ್ದು.

ಇಯರ್‌ಫೋನಿನಲ್ಲಿ ಯುರೋಪಿನ ಮೋರ್ಸ್ ಸದ್ದು ಚಿಟಿಚಿಟಿ ಕೇಳಿತು. ಮೈ ಜುಮ್ಮೆಂದಿತು. ಏಳಕ್ಕೆ ಧಾರವಾಡವನ್ನು ಕರೆದೆ, ಉತ್ತರವಿಲ್ಲ. ಏಳೂಕಾಲಿಗೆ ಮತ್ತೆ ಕರೆದೆ, ಬರೀ ಸುಯ್ಯೆನ್ನುವ ಸದ್ದು. ಸಾವಿರಾರು ಕಿಲೋಮೀಟರ್ ದೂರದವರು ಕೇಳುತ್ತಾರೆ, ನೇರ ಗೆರೆ ಎಳೆದರೆ 225 ಕಿಲೋಮೀಟರ್ ಆಚೆಗಿರುವ ಹಿರಿಯರು ಕೇಳುವುದಿಲ್ಲ! ಅವರು ಕಿವಿಗೊಟ್ಟು ಕೂತಿದ್ದಾರೆ ಎಂದು ನೆನೆದರೆ ಸಂಕಟವಾಯಿತು.

ಕಾರಣ ಸರಳ. ನೆಟ್ಟಗೆ ನಿಂತ ತಂತಿ ತನ್ನ ಶಕ್ತಿಯನ್ನು ದಿಗಂತದ ಕಡೆಗೆ ಕಳಿಸುತ್ತದೆ. ಅದು ಅಯಾನುಗೋಳಕ್ಕೆ ಓರೆಯಾಗಿ ಬಡಿದು ಬಹುದೂರದಲ್ಲಿ ಇಳಿಯುತ್ತದೆ. ಪಕ್ಕದ ಜಿಲ್ಲೆಗಳನ್ನು ಹಾರಿಯೇ ಹೋಗುತ್ತದೆ. ಹತ್ತಿರದವರನ್ನು ಮುಟ್ಟಬೇಕಾದರೆ ಅಲೆ ಹೆಚ್ಚುಕಡಿಮೆ ತಲೆಯ ಮೇಲಕ್ಕೇ ಹೋಗಿ, ಕೊಡೆಯ ಮೇಲಿಂದ ನೀರು ಸುರಿದಂತೆ ಸುತ್ತಲೂ ಇಳಿಯಬೇಕು. ಅದಕ್ಕೆ ತಂತಿ ಅಡ್ಡಲಾಗಿ, ತಗ್ಗಿನಲ್ಲಿ ಇರಬೇಕು. ಜೊತೆಗೆ ಸೂರ್ಯನೂ ಮೇಲೇರಬೇಕು. ರಾತ್ರಿ ಸೊರಗಿದ ಅಯಾನುಗೋಳ ಬಿಸಿಲು ಬಿದ್ದ ಮೇಲೆಯೇ ಮತ್ತೆ ಗಟ್ಟಿಯಾಗುವುದು.

ಮೂರನೆಯದನ್ನು ಬಿಚ್ಚಿದೆ. 20 ಮೀಟರಿನ ಒಂದೇ ತಂತಿ, ತುದಿಯಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ. ಅದರೊಳಗೆ ಫೆರೈಟ್ ಬಳೆಗೆ ಸುತ್ತಿದ ಪುಟ್ಟ ಟ್ರಾನ್ಸ್‌ಫಾರ್ಮರ್. ಅರ್ಧ ಅಲೆಯ ತಂತಿಯ ತುದಿಯಲ್ಲಿ ಸುಮಾರು ಎರಡೂವರೆ ಸಾವಿರ ಓಮ್ ತಡೆ. ಯಂತ್ರ ಬಯಸುವುದು 50 ಓಮ್. 49ಕ್ಕೆ 1ರಂತೆ ಇವೆರಡನ್ನೂ ಹೊಂದಿಸುವುದು ಆ ಡಬ್ಬಿಯ ಕೆಲಸ. ಕಂಬ ಬೇಡ, ನಡುವಿನಲ್ಲಿ ಕೇಬಲ್ಲಿನ ಭಾರವಿಲ್ಲ. ಅದೇ ತಂತಿ 20, 15, 10 ಮೀಟರ್ ಬ್ಯಾಂಡುಗಳಿಗೂ ಒದಗುತ್ತದೆ. ದೋಷವಿಲ್ಲವೆಂದಲ್ಲ: ಟ್ರಾನ್ಸ್‌ಫಾರ್ಮರ್ ಒಂದಿಷ್ಟು ಶಕ್ತಿಯನ್ನು ಬಿಸಿಯಾಗಿ ನುಂಗುತ್ತದೆ. ಪ್ರಸಾರದ ಹೊತ್ತಿನಲ್ಲಿ ತುದಿಗಳಲ್ಲಿ ವೋಲ್ಟೇಜ್ ಹೆಚ್ಚು, ಯಾರೂ ಮುಟ್ಟದಂತೆ ನೋಡಿಕೊಳ್ಳಬೇಕು.

ಎರಡು ಮರಗಳ ನಡುವೆ, ಆಳೆತ್ತರದ ಎರಡರಷ್ಟು ಮೇಲೆ, ಅಡ್ಡಲಾಗಿ ಕಟ್ಟಿದೆ. ಹತ್ತು ನಿಮಿಷ. ಎಂಟು ಗಂಟೆಯ ಹೊತ್ತಿಗೆ ಬಿಸಿಲು ಹುಲ್ಲಿನ ಮೇಲೆ ಹರಡಿತ್ತು. ಕರೆದೆ.

'ಬಂತು ನೋಡಪಾ!' ಎಂದಿತು ಧಾರವಾಡ. 'ಎಲ್ಲಿದ್ದಿ ಇಷ್ಟೊತ್ತು? ಚಹಾ ಆರಿಹೋತು.'

ಇದು ತಂತಿಯ ಮಹಿಮೆಯೋ ಸೂರ್ಯನದೋ ಎಂಬ ಅನುಮಾನ ಬಂತು. ಕೇಬಲ್ ಕಿತ್ತು ನೆಟ್ಟಗಿನ ತಂತಿಗೆ ಚುಚ್ಚಿ ಮತ್ತೆ ಕರೆದೆ. 'ಈಗ ಬಾವ್ಯಾಗಿಂದ ಮಾತಾಡಿಧಂಗ ಕೇಳಸ್ತದ' ಎಂದರು. ಮತ್ತೆ ಅಡ್ಡ ತಂತಿಗೆ ಬಂದೆ. 'ಹಾಂ, ಈಗ ಎದುರಿಗೆ ಕೂತಂಗ.' ಮೂರು ಸಲ ಹೇಳದೆಯೇ ಬದಲಿಸಿದೆ, ಮೂರು ಸಲವೂ ಸರಿಯಾಗಿ ಗುರುತಿಸಿದರು. ಸೂರ್ಯ ಬಾಗಿಲು ತೆರೆದಿದ್ದ, ಒಳಗೆ ಕರೆದೊಯ್ದದ್ದು ತಂತಿ.

'ಸರ್, ಕೊನೆಗೆ ಯಾವುದು?' ಎಂದೆ.

'ಡೈಪೋಲ್ ಛಲೋ ಖರೆ. ಆದ್ರ ಮಳ್ಯಾಗ ಒಬ್ಬನ ಕಟ್ಟಬೇಕು, ಮಡಿಕೇರಿಯವರು ಮೈಸೂರಿಗೆ ಕೇಳಬೇಕು. ಇದನ್ನ ಚೀಲಕ್ಕ ಹಾಕು. ಲಂಡನ್ನು ನಿನ್ನ ಸಲುವಾಗಿ ಕಾಯಂಗಿಲ್ಲ.'

2004ರ ಡಿಸೆಂಬರ್ 26ರ ಸುನಾಮಿಯ ದಿನ ಭಾರತಿ ಪ್ರಸಾದ್ ಮತ್ತವರ ತಂಡ ರೇಡಿಯೊ ಸಾಹಸಕ್ಕೆಂದು ಪೋರ್ಟ್ ಬ್ಲೇರ್‌ನಲ್ಲಿತ್ತು. ದೂರದ ದೇಶಗಳೊಡನೆ ಮಾತಾಡಲು ಹೋದವರು ಅಂದು ದ್ವೀಪಗಳ ಜನರ ಸುದ್ದಿಯನ್ನು ಅವರ ಮನೆಯವರಿಗೆ ಮುಟ್ಟಿಸಿದರು. ಆಂಟೆನಾ ಆರಿಸುವಾಗ ಎಷ್ಟು ದೂರ ಮುಟ್ಟುತ್ತದೆ ಎಂದು ಮೊದಲು ಕೇಳುವುದು ನಮ್ಮೆಲ್ಲರ ಚಟ. ಯಾರಿಗೆ ಮುಟ್ಟಬೇಕು ಎಂದು ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ತಂತಿಯನ್ನು ಗಾಳಿಪಟದ ದಾರದಂತೆ ಸುತ್ತಿ ಚೀಲಕ್ಕಿಟ್ಟೆ. ಮಾಲಿ ಬಂದು, 'ಒಣಗ್ತಾ ಸಾರ್?' ಎಂದು ನಕ್ಕರು. ಒಣಗಿತು ಎಂದೆ.

ನೀವೂ ಹೋಗುವುದಾದರೆ: ತರೀಕೆರೆ, ಬೀರೂರು, ಚಿಕ್ಕಮಗಳೂರುಗಳಿಂದ ರಸ್ತೆಯಿದೆ. ವಸತಿಯನ್ನು ಮೊದಲೇ ಕಾಯ್ದಿರಿಸಿ. ರೇಡಿಯೊ ಒಯ್ಯುವವರು ಪರವಾನಗಿಯ ಷರತ್ತುಗಳನ್ನು ಓದಿಕೊಂಡು, ಸ್ಥಳದವರ ಒಪ್ಪಿಗೆ ಪಡೆಯಬೇಕು. ವಿದ್ಯುತ್ ಲೈನಿನ ಹತ್ತಿರ ದಾರ ಎಸೆಯಬೇಡಿ. ಗುಡುಗಿನ ಸದ್ದು ಕೇಳುವ ಮೊದಲೇ, ಮೋಡ ಕಟ್ಟುವಾಗಲೇ, ತಂತಿ ಸುತ್ತಿಡಿ.