ಚಾರ್‌ಕೋಪಿನ ಕೂಲಿಂಗ್ ಟವರ್

ಮುಂಬಯಿ ಕನ್ನಡಿಗರೆಂದರೆ ಊರಿನವರಿಗೆ ಹೋಟೆಲು ನೆನಪಾಗುವುದು ಸಹಜ. ಆದರೆ ಕಾಂದಿವಲಿ ಪಶ್ಚಿಮದ ಚಾರ್‌ಕೋಪ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಇಲ್ಲಿಯವರು ಗಾಲಾ ಎಂದು ಕರೆಯುವ ಸಣ್ಣ ಶೆಡ್ಡುಗಳಲ್ಲಿ, ಯಂತ್ರ ಇಟ್ಟುಕೊಂಡು ಬದುಕು ಕಟ್ಟಿದವರೂ ಇದ್ದಾರೆ. ಕಾರ್ಕಳ ಕಡೆಯ ಶೆಟ್ಟರೊಬ್ಬರು ಅಂಥವರು. ಬಾಟಲಿಯ ಮುಚ್ಚಳ ಮಾಡುವ ಪ್ಲಾಸ್ಟಿಕ್ ಮೋಲ್ಡಿಂಗ್ ಅವರದು. ಹದಿನಾಲ್ಕು ಜನರಿಗೆ ಅಲ್ಲಿ ಕೆಲಸ.

ಕರಗಿದ ಪ್ಲಾಸ್ಟಿಕ್ಕು ಅಚ್ಚಿನೊಳಗೆ ಬೇಗ ಆರಬೇಕು. ಅದಕ್ಕಾಗಿ ಅಚ್ಚಿನ ಸುತ್ತ ನೀರು ಹರಿಯುತ್ತದೆ. ಬಿಸಿಯಾದ ನೀರು ಚಾವಣಿಯ ಮೇಲಿನ ಕೂಲಿಂಗ್ ಟವರಿಗೆ ಹೋಗಿ ತಣಿದು ಬರುತ್ತದೆ. ಟವರೆಂದರೆ ನಮ್ಮ ಹೂಜಿಯೇ. ನೀರಿನ ಒಂದಂಶ ಆವಿಯಾಗಿ ಉಳಿದದ್ದು ತಂಪಾಗುತ್ತದೆ. ಕಲಬುರಗಿಯ ಒಣ ಬೇಸಿಗೆಯಲ್ಲಿ ಹೂಜಿಯ ನೀರು ತಣ್ಣಗಿರುತ್ತದೆ, ಮಂಗಳೂರಿನಲ್ಲಿ ಅಷ್ಟಿಲ್ಲ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಗಾಳಿಯಲ್ಲಿ ಎಷ್ಟು ತೋರಿಸುತ್ತದೋ ಅದಕ್ಕಿಂತ ಕೆಳಗೆ ಯಾವ ಟವರೂ ನೀರನ್ನು ಇಳಿಸಲಾರದು.

2019ರ ಮಳೆಗಾಲದಲ್ಲಿ ಶೆಟ್ಟರ ಮುಚ್ಚಳಗಳು ಸೊಟ್ಟಗಾಗತೊಡಗಿದವು. ನೀರು ತಣಿಯುತ್ತಿಲ್ಲ. ಟವರ್ ಮಾರಿದವನು ಬಂದು, "ಇದು ಸಾಲದು, ಚಿಲ್ಲರ್ ಹಾಕಿ" ಅಂದ. ಒಂಬತ್ತು ಲಕ್ಷದ ಬಾಬತ್ತು. ಪಂಪಿನವನು ಪಂಪು ಬದಲಿಸಿ ಅಂದ. ಯಂತ್ರದವನು ಅಚ್ಚೇ ಸರಿಯಿಲ್ಲ ಅಂದ. ಯಾರೂ ಸುಳ್ಳುಗಾರರಲ್ಲ, ಅವರವರ ಅಂಗಡಿಯಲ್ಲಿದ್ದದ್ದು ಅವರವರ ಕಣ್ಣಿಗೆ ಕಂಡಿತು, ಅಷ್ಟೆ. "ಇನ್ನು ಸಾಲ ಮಾಡದೆ ಗತಿಯಿಲ್ಲ ಮಾರಾಯ್ರೆ" ಎಂದು ಶೆಟ್ಟರು ನನ್ನ ಹತ್ತಿರ ಬಂದರು. ಈಗಿದ್ದ ಸಾಲದ ಕಂತೇ ಭಾರವಾಗಿತ್ತು. 2004ರಿಂದ ಬ್ಯಾಂಕುಗಳ ಸಾಮಾನ್ಯ ನಿಯಮ ಇದು: ಕಂತು ತೊಂಬತ್ತು ದಿನ ಮೀರಿ ಬಾಕಿ ನಿಂತರೆ ಖಾತೆ ಎನ್‌ಪಿಎ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನೇ ಅದನ್ನು ತಪಾಸಣೆ ಮಾಡುವಂತಿಲ್ಲ. ಯಂತ್ರಕ್ಕೂ ಇದೇ ನ್ಯಾಯ ಅಂತ ನನಗೆ ಅನಿಸಿತು. ಅಮೆರಿಕದಲ್ಲಿ 1950ರಲ್ಲಿ ಹುಟ್ಟಿದ, ಈಗ ಕೂಲಿಂಗ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್ ಎನಿಸಿಕೊಂಡ ಸಂಸ್ಥೆ, ಟವರುಗಳ ಪರೀಕ್ಷೆಗೆ ನಿಯಮಾವಳಿಯನ್ನೇ ಮಾಡಿದೆ. ಪರೀಕ್ಷೆಗೆ ಹೊರಗಿನ ಪರೀಕ್ಷಕರಿಗೆ ಪರವಾನಗಿಯನ್ನೂ ಕೊಡುತ್ತದೆ. ನಮಗೆ ಅಷ್ಟು ದೊಡ್ಡದು ಬೇಡವಾಗಿತ್ತು. ಬಿಡಿಭಾಗ ಮಾರದ, ಕಮಿಷನ್ ಪಡೆಯದ ಎಂಜಿನಿಯರರೊಬ್ಬರು ಹನ್ನೆರಡು ಸಾವಿರಕ್ಕೆ ಒಪ್ಪಿದರು.

ಯಂತ್ರಗಳೆಲ್ಲ ಪೂರ್ತಿ ಓಡುತ್ತಿದ್ದಾಗಲೇ ಅವರು ಅಳೆದರು. ಮೊದಲು ತಮ್ಮ ಎರಡು ಥರ್ಮಾಮೀಟರುಗಳನ್ನು ಒಂದೇ ಬಕೆಟ್ಟಿನಲ್ಲಿ ಅದ್ದಿ ತಾಳೆ ನೋಡಿದ್ದು ನನಗೆ ಬಹಳ ಹಿಡಿಸಿತು. ಒದ್ದೆ ಬಟ್ಟೆಯ ಥರ್ಮಾಮೀಟರ್ 27 ಡಿಗ್ರಿ, ಟವರಿನಿಂದ ಹೊರಟ ನೀರು 31. ನಾಲ್ಕೇ ಡಿಗ್ರಿ ಅಂತರ, ಅಂದರೆ ಟವರ್ ಸರಿಯಿದೆ. ಆದರೆ ಯಂತ್ರಗಳಿಂದ ಮರಳುವ ನೀರು 41 ಡಿಗ್ರಿ! ಐದು ಡಿಗ್ರಿ ಏರಬೇಕಾದದ್ದು ಹತ್ತು ಏರಿತ್ತು. ಕೊಳವೆಯ ಹೊರಗೆ ಮೀಟರ್ ಕಟ್ಟಿ ನೋಡಿದರೆ, ಸೆಕೆಂಡಿಗೆ 5 ಲೀಟರ್ ಹರಿಯಬೇಕಾದಲ್ಲಿ ಎರಡೂವರೆ. ಐದೈದಲ ಇಪ್ಪತ್ತೈದು, ಎರಡೂವರೆ ಹತ್ತಲ ಇಪ್ಪತ್ತೈದು. ಬಿಸಿಯ ಲೆಕ್ಕ ತಾಳೆಯಾಯಿತು. ಕಡಿಮೆಯಾದದ್ದು ನೀರು ಮಾತ್ರ.

ಹಾಗಾದರೆ ಪಂಪು ಕೆಟ್ಟಿತೇ? ಪಂಪಿನ ಬಾಯಲ್ಲಿ ಒತ್ತಡ ಹೆಚ್ಚೇ ಇತ್ತು, ಅದು ಎಳೆಯುವ ಕರೆಂಟು ಕಡಿಮೆ. ಮುಂದೆ ದಾರಿ ಕಟ್ಟಿದೆ ಅಂತ ಅರ್ಥ. ಬಿಚ್ಚಿ ನೋಡಿದಾಗ, ಬಚ್ಚಲ ಹಂಡೆಯೊಳಗೆ ಕಟ್ಟುವಂಥ ಸುಣ್ಣದ ಪದರ ಅಚ್ಚಿನ ನೀರುದಾರಿಗಳಲ್ಲಿ ಗಟ್ಟಿಯಾಗಿ ಕೂತಿತ್ತು. ಬೋರ್‌ವೆಲ್ಲಿನ ಗಡಸು ನೀರು ಟವರಿನಲ್ಲಿ ಆವಿಯಾದಂತೆಲ್ಲ ಸುಣ್ಣ ಹಿಂದುಳಿದು ಮಂದವಾಗುತ್ತದೆ. ಆಗಾಗ ಒಂದಿಷ್ಟು ನೀರು ಚೆಲ್ಲಿ ಹೊಸದು ತುಂಬಬೇಕು. ಅದು ನಡೆದಿರಲಿಲ್ಲ.

ಆಮ್ಲ ಹಾಯಿಸಿ ತೊಳೆಸಿದ್ದಕ್ಕೆ ಎರಡು ದಿನ ಕೆಲಸ ನಿಂತಿತು. ಚಿಲ್ಲರಿನ ಮಾತು ಅಲ್ಲಿಗೇ ಮುಗಿಯಿತು. ಒಂಬತ್ತು ಲಕ್ಷದ ಚಿಲ್ಲರ್ ತಂದಿದ್ದರೂ ಅದೇ ಕಟ್ಟಿದ ದಾರಿಯಲ್ಲೇ ನೀರು ನುಗ್ಗಬೇಕಾಗಿತ್ತಲ್ಲ!

ಊರಿನಲ್ಲೂ ಇಂಥ ಯಂತ್ರಗಳು ಕಡಿಮೆಯೇನಲ್ಲ. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜುಗಳಿವೆ, ಪೀಣ್ಯದ ಕಾರ್ಖಾನೆಗಳಿವೆ, ಕರಾವಳಿಯ ಐಸ್ ಪ್ಲಾಂಟುಗಳಿವೆ. ತಂಪು ಕಡಿಮೆಯಾದಾಗ ಹೊಸ ಯಂತ್ರದ ಕೊಟೇಶನ್ ತರಿಸುವ ಮೊದಲು, ನಿಮಗೆ ಏನನ್ನೂ ಮಾರಬೇಕಾಗಿಲ್ಲದ ಒಬ್ಬರಿಂದ ಅಳತೆ ಮಾಡಿಸಿ, ಅಂಕಿಗಳನ್ನು ಬರಹದಲ್ಲಿ ತೆಗೆದುಕೊಳ್ಳಿ. ಸಾಲ ಕೇಳಲು ಹೋದಾಗ ಮ್ಯಾನೇಜರರ ಮೇಜಿನ ಮೇಲೂ ಆ ಕಾಗದವನ್ನೇ ಮೊದಲು ಇಡಿ.