ಕೈನುಡಿ ಹುಟ್ಟಿದ ಗುಡ್ಡ

ಹಾರ್ಟ್‌ಫರ್ಡ್ ಎಂದರೆ ಅಮೆರಿಕದಲ್ಲಿ ವಿಮೆಯ ಊರು. ಕನೆಕ್ಟಿಕಟ್ ರಾಜ್ಯದ ಈ ಪುಟ್ಟ ರಾಜಧಾನಿಯಲ್ಲಿ ಎತ್ತ ತಿರುಗಿದರೂ ವಿಮಾ ಕಂಪನಿಗಳ ಕಟ್ಟಡಗಳೇ. ಅವುಗಳ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ಅಲ್ಲೇ ನೆಲೆನಿಂತ ಕನ್ನಡಿಗರೂ ಕಮ್ಮಿಯಿಲ್ಲ. ನನ್ನ ತಂಗಿಯ ಸಂಸಾರವೂ ಹಾಗೆ ಹೋದದ್ದೇ. ಅಸೈಲಮ್ ಅವೆನ್ಯೂ, ಫಾರ್ಮಿಂಗ್ಟನ್ ಅವೆನ್ಯೂ ಎಂಬ ಎರಡು ದೊಡ್ಡ ರಸ್ತೆಗಳು ಕೂಡುವ ಕಡೆ ಅವಳು ಕಾರು ನಿಧಾನ ಮಾಡಿ, "ಅಕ್ಕಾ, ನೀನು ಕೇಳ್ತಿದ್ದ ಹುಡುಗಿ ಇವಳೇ ನೋಡು. ದಿನಾ ಆಫೀಸಿಗೆ ಇದೇ ದಾರೀಲಿ ಹೋಗ್ತೀನಿ, ಒಂದಿನಾನೂ ಇಳಿದು ನೋಡಿಲ್ಲ" ಅಂದಳು.

ಇಬ್ಬರೂ ಇಳಿದೆವು. ಎರಡು ದೊಡ್ಡ ಕೈಗಳು ಒಬ್ಬ ಪುಟ್ಟ ಹುಡುಗಿಯನ್ನು ಎತ್ತಿ ಹಿಡಿದಿರುವ ಶಿಲ್ಪ. ಆ ಕೈಗಳು ಸುಮ್ಮನೆ ಹಿಡಿದುಕೊಂಡಿಲ್ಲ, ಮಾತಾಡುತ್ತಿವೆ. ಅಮೆರಿಕದ ಕಿವುಡರ ಸಂಜ್ಞಾ ಭಾಷೆಯಲ್ಲಿ ಬೆಳಕು ಎಂದು ಹೇಳುವ ಭಂಗಿ ಅದು. ಹುಡುಗಿಯ ಹೆಸರು ಆಲಿಸ್ ಕಾಗ್ಸ್‌ವೆಲ್. ಎರಡು ನೂರು ವರ್ಷಗಳ ಹಿಂದೆ ಇದೇ ಊರಿನ ಒಬ್ಬ ವೈದ್ಯರ ಮಗಳು.

1805ರಲ್ಲಿ ಹುಟ್ಟಿದ ಆಲಿಸ್ ಎರಡು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಯಿತು. ಆಗತಾನೆ ಬಂದಿದ್ದ ತೊದಲು ಮಾತೂ ನಿಂತಿತು. ಆಗ ಇಡೀ ಅಮೆರಿಕದಲ್ಲಿ ಕಿವುಡ ಮಕ್ಕಳಿಗಾಗಿ ಒಂದೂ ಶಾಶ್ವತವಾದ ಶಾಲೆ ಇರಲಿಲ್ಲ. ಉಳ್ಳವರು ಮಕ್ಕಳನ್ನು ಹಡಗು ಹತ್ತಿಸಿ ಯುರೋಪಿಗೆ ಕಳಿಸುತ್ತಿದ್ದರು, ಇಲ್ಲದವರ ಮಕ್ಕಳು ಮನೆಯ ಮೂಲೆಯಲ್ಲಿ ಉಳಿಯುತ್ತಿದ್ದರು. 1814ರ ಒಂದು ದಿನ ಪಕ್ಕದ ಮನೆಗೆ ರಜೆಗೆಂದು ಬಂದಿದ್ದ ಥಾಮಸ್ ಹಾಪ್ಕಿನ್ಸ್ ಗ್ಯಾಲಡೆಟ್ ಎಂಬ ಯುವಕ ಆಲಿಸ್ ಒಬ್ಬಳೇ ಇರುವುದನ್ನು ಗಮನಿಸಿದ. ತನ್ನ ಟೋಪಿಯನ್ನು ತೋರಿಸಿ, ಅದರ ಹೆಸರನ್ನು ಕಡ್ಡಿಯಿಂದ ಮಣ್ಣಿನ ಮೇಲೆ ಬರೆದ. ವಸ್ತುವಿಗೂ ಆ ಗೆರೆಗಳಿಗೂ ಸಂಬಂಧವಿದೆ ಎಂದು ಹುಡುಗಿಗೆ ಹೊಳೆಯಿತು. ತಂದೆ ಮೇಸನ್ ಕಾಗ್ಸ್‌ವೆಲ್ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ರಾಜ್ಯದ ಪಾದ್ರಿಗಳ ಮೂಲಕ ಎಣಿಕೆ ಮಾಡಿಸಿದಾಗ ಕನೆಕ್ಟಿಕಟ್ ಒಂದರಲ್ಲೇ 84 ಮಂದಿ ಕಿವುಡರು ಪತ್ತೆಯಾಗಿದ್ದರು. ಆ ಲೆಕ್ಕ ಕೈಯಲ್ಲಿಟ್ಟುಕೊಂಡು ಊರಿನ ಗಣ್ಯರಿಂದ ಹಣ ಕೂಡಿಸಿ, 1815ರಲ್ಲಿ ಗ್ಯಾಲಡೆಟ್ಟನನ್ನು ಕಲಿಸುವ ವಿದ್ಯೆ ಕಲಿತು ಬಾ ಎಂದು ಯುರೋಪಿಗೆ ಅಟ್ಟಿದರು.

ಬ್ರಿಟನ್ನಿನಲ್ಲಿ ಆ ವಿದ್ಯೆ ಬ್ರೇಯ್ಡ್‌ವುಡ್ ಮನೆತನದ ಹಿಡಿತದಲ್ಲಿತ್ತು. ಅವರದು ತುಟಿ ಅಲ್ಲಾಡಿಸಿ ಮಾತು ಕಲಿಸುವ ಪದ್ಧತಿ, ಅದೂ ಮನೆತನದ ಗುಟ್ಟು. ಗ್ಯಾಲಡೆಟ್ ಅವರ ಷರತ್ತುಗಳಿಗೆ ಒಪ್ಪಲಿಲ್ಲ. ಲಂಡನ್ನಿನಲ್ಲಿ ದಾರಿ ಕಾಣದೆ ಇದ್ದಾಗ ಪ್ಯಾರಿಸ್ಸಿನ ಕಿವುಡರ ಶಾಲೆಯ ಮುಖ್ಯಸ್ಥ ಸಿಕಾರ್ ತನ್ನ ಇಬ್ಬರು ಕಿವುಡ ಶಿಷ್ಯರನ್ನು ಕರೆತಂದು ಪ್ರದರ್ಶನ ಕೊಡುತ್ತಿದ್ದ. ಶಿಷ್ಯರೆಂದರೆ ಮಕ್ಕಳಲ್ಲ, ಅವರೇ ಮೇಷ್ಟ್ರುಗಳು: ಜಾನ್ ಮಾಸಿಯು ಮತ್ತು ಲೊರಾಂ ಕ್ಲೆರ್. ಪ್ಯಾರಿಸ್ಸಿನ ಈ ಶಾಲೆಗೆ ಅಡಿಪಾಯ ಹಾಕಿದ್ದು ಅಬೆ ದ ಲೆಪೆ ಎಂಬ ಪಾದ್ರಿ, 1760ರ ಸುಮಾರಿಗೆ, ತನ್ನ ಮನೆಯಲ್ಲೇ. ಕಿವುಡರು ತಮ್ಮತಮ್ಮಲ್ಲಿ ಬಳಸುತ್ತಿದ್ದ ಸನ್ನೆಗಳನ್ನು ಆತ ಹಗುರವಾಗಿ ಕಾಣಲಿಲ್ಲ, ಅವುಗಳ ಮೂಲಕವೇ ಪಾಠ ಹೇಳಿದ. ಅಲ್ಲಿ ಕಲಿತ ಕಿವುಡರು ಅಲ್ಲೇ ಕಲಿಸುವವರಾದರು. ಗ್ಯಾಲಡೆಟ್ ಪ್ಯಾರಿಸ್ಸಿಗೆ ಹೋದ, ಕೆಲವು ತಿಂಗಳು ಕಲಿತ, ಮರಳುವಾಗ ಕ್ಲೆರನನ್ನೇ ಜೊತೆಗೆ ಕರೆದುಕೊಂಡು ಹೊರಟ.

ಈ ಕ್ಲೆರ್ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಮನುಷ್ಯ. ಮಗುವಾಗಿದ್ದಾಗ ಕುರ್ಚಿಯಿಂದ ಒಲೆಯ ಬೆಂಕಿಗೆ ಬಿದ್ದು ಬಲಗೆನ್ನೆ ಸುಟ್ಟಿತ್ತು. ಕಿವುಡರ ಲೋಕದಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರು ಇಡುವ ರೂಢಿ. ಎರಡು ಬೆರಳನ್ನು ಕೆನ್ನೆಯ ಮೇಲಿಂದ ಕೆಳಗೆ ಸವರಿದರೆ ಅದು ಕ್ಲೆರ್. ಆತ ಸತ್ತು ಒಂದೂವರೆ ಶತಮಾನ ದಾಟಿದರೂ ಅಮೆರಿಕದ ಕಿವುಡರು ಈಗಲೂ ಆತನನ್ನು ಹಾಗೇ ಕರೆಯುತ್ತಾರೆ. 1816ರ ಜೂನ್ 18ರಂದು ಫ್ರಾನ್ಸ್ ಬಿಟ್ಟ ಹಡಗು ನ್ಯೂಯಾರ್ಕ್ ಮುಟ್ಟಲು 52 ದಿನ ಹಿಡಿಯಿತು. ಅಷ್ಟೂ ದಿನ ಇಬ್ಬರೂ ಒಬ್ಬರಿಗೊಬ್ಬರು ಪಾಠ ಹೇಳಿಕೊಂಡರು. ಕ್ಲೆರ್ ಸನ್ನೆ ಕಲಿಸಿದ, ಗ್ಯಾಲಡೆಟ್ ಇಂಗ್ಲಿಷ್ ಕಲಿಸಿದ. ಕಲಿತ ಇಂಗ್ಲಿಷಿನಲ್ಲೇ ಕ್ಲೆರ್ ಹಡಗಿನ ಮೇಲೆ ದಿನಚರಿ ಬರೆದ. ಮೂರು ವರ್ಷದ ಒಪ್ಪಂದಕ್ಕೆ ಬಂದವನು 41 ವರ್ಷ ಕಲಿಸಿ, ಹಾರ್ಟ್‌ಫರ್ಡಿನ ಮಣ್ಣಿನಲ್ಲೇ ಮಣ್ಣಾದ.

1817ರ ಏಪ್ರಿಲ್ 15ರಂದು ಊರಿನ ಒಂದು ಹೋಟೆಲಿನ ಬಾಡಿಗೆ ಕೋಣೆಗಳಲ್ಲಿ ಶಾಲೆ ಶುರುವಾಯಿತು. ಹೆಸರು ದಾಖಲಿಸಿದ ಮೊದಲ ವಿದ್ಯಾರ್ಥಿನಿ ಆಲಿಸ್. ಮೊದಲ ವರ್ಷ ಸೇರಿದವರ ವಯಸ್ಸು ಓದಿ ನಾನು ಪುಸ್ತಕ ಮಡಿಸಿ ಸ್ವಲ್ಪ ಹೊತ್ತು ಕೂತುಬಿಟ್ಟೆ: ಹತ್ತು ವರ್ಷದವರಿಂದ ಹಿಡಿದು ಐವತ್ತೊಂದು ವರ್ಷದವರವರೆಗೆ. ಐವತ್ತೊಂದರ ಮನುಷ್ಯ ಅಕ್ಷರಕ್ಕಾಗಿ ಬಂದನೆನ್ನುವುದು ಒಂದು ಮಾತು. ತನ್ನಂತಹವರನ್ನು ಅಲ್ಲಿಯವರೆಗೆ ಆತ ನೋಡಿಯೇ ಇರಲಿಲ್ಲವೇನೋ! ಹಳ್ಳಿಗೊಬ್ಬರಂತೆ ಚೆದುರಿಹೋಗಿದ್ದ ಕಿವುಡರಿಗೆ ಒಂದೇ ಸೂರಿನಡಿ ಉಂಡು, ಮಲಗಿ, ಜಗಳವಾಡುವ ಜಾಗ ಸಿಕ್ಕಿದ್ದು ಅದೇ ಮೊದಲು. 1821ರಲ್ಲಿ ಶಾಲೆ ಗುಡ್ಡದ ಮೇಲಿನ ಸ್ವಂತ ಕಟ್ಟಡಕ್ಕೆ ಹೋಯಿತು. ಅಸೈಲಮ್ ಎಂಬುದು ಆಗ ಶಾಲೆಯ ಹೆಸರಿನಲ್ಲೇ ಇತ್ತು. ರಸ್ತೆಗೂ ಗುಡ್ಡಕ್ಕೂ ಆ ಹೆಸರು ಉಳಿದದ್ದು ಅದರಿಂದ. ನೂರು ವರ್ಷ ಅಲ್ಲಿದ್ದು 1921ರಲ್ಲಿ ಶಾಲೆ ವೆಸ್ಟ್ ಹಾರ್ಟ್‌ಫರ್ಡಿಗೆ ವರ್ಗವಾಯಿತು. ಗುಡ್ಡದ ಮೇಲೆ ಈಗ ಇರುವುದು ಒಂದು ವಿಮಾ ಕಂಪನಿಯ ಮುಖ್ಯ ಕಚೇರಿ.

ಈ ಶಾಲೆಯ ಚರಿತ್ರೆಯ ಅರ್ಧ ಭಾಗ ಹಾರ್ಟ್‌ಫರ್ಡಿನಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಪೂರ್ವಕ್ಕೆ, ಕಡಲ ತನಕ ಹೋಗಬೇಕು. ವುಡ್ಸ್ ಹೋಲ್ ಎಂಬಲ್ಲಿ ಫೆರಿ ಹತ್ತಿದರೆ ಮುಕ್ಕಾಲು ಗಂಟೆಗೆ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪ. ಇಂದು ಅದು ಸಿರಿವಂತರ ಬೇಸಿಗೆಯ ಬೀಡು. ಆದರೆ ಪಶ್ಚಿಮ ಭಾಗದ ಚಿಲ್‌ಮಾರ್ಕಿಗೆ ಹೋದರೆ ಕಲ್ಲು ಪೇರಿಸಿದ ಮೋಟುಗೋಡೆಗಳು, ಕುರಿ ಮೇಯುವ ಇಳಿಜಾರು, ಮೆನೆಮ್ಷಾದ ಮೀನು ದೋಣಿಗಳು ಇನ್ನೂ ಇವೆ. ಸಣ್ಣ ಗಾಳಿಯಲ್ಲ ಅಲ್ಲಿಯದು. ಪಕ್ಕದಲ್ಲಿ ನಿಂತ ತಂಗಿ ಏನೋ ಕೂಗಿ ಹೇಳಿದರೂ ನನಗೆ ಅರ್ಧ ಕೇಳಲಿಲ್ಲ. ಇಂಥ ಗಾಳಿಯಲ್ಲಿ ದೋಣಿಯಿಂದ ದೋಣಿಗೆ ಕೈಯಲ್ಲೇ ಮಾತಾಡುತ್ತಿದ್ದ ಜನ ಈ ದ್ವೀಪದವರು.

1694ರಲ್ಲಿ ಜೊನಾಥನ್ ಲ್ಯಾಂಬರ್ಟ್ ಎಂಬ ಕಿವುಡ ಇಲ್ಲಿಗೆ ಬಂದು ನೆಲೆಸಿದ. ಅವನ ಹಿಂದೆ ಮುಂದೆ ಬಂದ ಹಲವು ಕುಟುಂಬಗಳೂ ಇಂಗ್ಲೆಂಡಿನ ಕೆಂಟ್ ಸೀಮೆಯ ಒಂದೇ ಮೂಲದವು. ಕೊಡುಕೊಳ್ಳುವ ಮದುವೆ ಎಲ್ಲ ಒಳಗೊಳಗೇ. ವಂಶದಲ್ಲಿ ಅಡಗಿ ಬಂದ ಕಿವುಡುತನ ತಲೆಮಾರಿನಿಂದ ತಲೆಮಾರಿಗೆ ಎದ್ದು ಕಂಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಸರಾಸರಿ 5,728 ಮಂದಿಗೆ ಒಬ್ಬರಾದರೆ ಈ ದ್ವೀಪದಲ್ಲಿ 155ಕ್ಕೆ ಒಬ್ಬರು, ಚಿಲ್‌ಮಾರ್ಕಿನಲ್ಲಿ 25ಕ್ಕೆ ಒಬ್ಬರು ಕಿವುಡರು. ಮೈ ಜುಂ ಎನ್ನಿಸುವ ಸಂಗತಿ ಈ ಲೆಕ್ಕವಲ್ಲ. ಊರಿನಲ್ಲಿ ಕಿವಿ ಕೇಳುವವರಿಗೂ ಸಂಜ್ಞಾ ಭಾಷೆ ಬರುತ್ತಿತ್ತು. ಅಂಗಡಿ ಕಟ್ಟೆಯಲ್ಲಿ, ಚರ್ಚಿನಲ್ಲಿ, ಹೊಲದ ಈ ಬದುವಿನಿಂದ ಆ ಬದುವಿಗೆ ಕೈಗಳೇ ಮಾತಾಡುತ್ತಿದ್ದವು. ದೂರದ ಮನೆಯವರ ಕೈಮಾತು ಓದಲು ದುರ್ಬೀನು ಹಿಡಿಯುತ್ತಿದ್ದರಂತೆ. ಕಿವುಡರು ಮೀನು ಹಿಡಿದರು, ಬೇಸಾಯ ಮಾಡಿದರು, ಕಿವಿಯುಳ್ಳವರನ್ನು ಮದುವೆಯಾದರು. ಮಾನವಶಾಸ್ತ್ರಜ್ಞೆ ನೋರಾ ಗ್ರೋಸ್ ದ್ವೀಪದ ಮುದುಕ ಮುದುಕಿಯರನ್ನು ಮಾತಾಡಿಸಿ 1985ರಲ್ಲಿ ಈ ಕಥೆಯನ್ನು ಪುಸ್ತಕ ಮಾಡಿದರು. ಯಾರು ಕಿವುಡರಾಗಿದ್ದರು ಎಂಬುದನ್ನು ಆ ಹಿರಿಯರು ನೆನಪು ಮಾಡಿಕೊಂಡು ಹೇಳಬೇಕಾಗಿತ್ತು. ಅವರ ಕಣ್ಣಿಗೆ ಅದು ಹೇಳಬೇಕಾದ ಸಂಗತಿಯೇ ಆಗಿರಲಿಲ್ಲ.

1825ರಿಂದ ಈ ದ್ವೀಪದ ಮಕ್ಕಳು ಹಾರ್ಟ್‌ಫರ್ಡಿನ ಶಾಲೆಗೆ ಬರತೊಡಗಿದರು. ಖರ್ಚು ಮ್ಯಾಸಚುಸೆಟ್ಸ್ ಸರ್ಕಾರದ್ದು. ಈಗ ಆ ಹಾಸ್ಟೆಲನ್ನು ಕಲ್ಪಿಸಿಕೊಳ್ಳಿ. ಪ್ಯಾರಿಸ್ಸಿನ ಸನ್ನೆಗಳನ್ನು ಹೊತ್ತು ತಂದ ಕ್ಲೆರ್ ತರಗತಿಯಲ್ಲಿದ್ದಾನೆ. ತಲೆಮಾರುಗಳಿಂದ ಪಳಗಿದ ದ್ವೀಪದ ನುಡಿ ಹೊತ್ತ ಮಕ್ಕಳು ಒಂದು ಕಡೆ. ಒಂಟಿ ಹೊಲಮನೆಗಳಿಂದ, ಅಮ್ಮನಿಗೆ ಮಾತ್ರ ತಿಳಿಯುವ ನಾಲ್ಕಾರು ಸನ್ನೆ ಕಟ್ಟಿಕೊಂಡು ಬಂದ ಮಕ್ಕಳು ಇನ್ನೊಂದು ಕಡೆ. ಪಾಠದ ಹೊತ್ತು ದಿನಕ್ಕೆ ಕೆಲವೇ ಗಂಟೆ. ಉಳಿದದ್ದೆಲ್ಲ ಊಟದ ಮನೆ, ಅಂಗಳ, ಚಪ್ಪಲಿ ಹೊಲಿಯುವ, ಬಡಗಿ ಕೆಲಸದ ಕೊಟ್ಟಿಗೆ, ಮಲಗುವ ಕೋಣೆ. ಅಲ್ಲಿ ದೊಡ್ಡವರಿಂದ ಚಿಕ್ಕವರಿಗೆ, ಚಿಕ್ಕವರಿಂದ ಇನ್ನೂ ಚಿಕ್ಕವರಿಗೆ ಸನ್ನೆಗಳು ದಾಟಿದವು, ಬೆರೆತವು, ಬೇಡದ್ದು ಉದುರಿತು. ಮೂರೂ ಕಡೆಯ ನೀರು ಕೂಡಿ ಹರಿದ ಆ ಹೊಳೆಯೇ ಇಂದಿನ ಅಮೆರಿಕನ್ ಸಂಜ್ಞಾ ಭಾಷೆ. ಅದರ ಹೆಚ್ಚುಕಮ್ಮಿ ನೂರಕ್ಕೆ ಅರುವತ್ತು ಪಾಲು ಸನ್ನೆಗಳಿಗೆ ಫ್ರಾನ್ಸಿನ ನಂಟಿದೆ ಎಂದು ಭಾಷಾ ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಇಂಗ್ಲೆಂಡಿನ ಕಿವುಡರ ಸಂಜ್ಞಾ ಭಾಷೆಗೂ ಇದಕ್ಕೂ ಸಂಬಂಧವೇ ಇಲ್ಲ! ಲಂಡನ್ನಿನ ಕಿವುಡ, ಬಾಸ್ಟನ್ನಿನ ಕಿವುಡ ಎದುರುಬದುರು ಕೂತರೆ ಒಬ್ಬರದು ಒಬ್ಬರಿಗೆ ತಿಳಿಯುವುದಿಲ್ಲ, ಇಬ್ಬರೂ ಓದುವುದು ಇಂಗ್ಲಿಷನ್ನೇ ಆದರೂ.

ನಾವು ಮಾತನ್ನು ತಾಯಿಯ ಮಡಿಲಿನಲ್ಲಿ ಕಲಿತವರು. ಕಿವುಡ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದು ಕಿವಿ ಕೇಳುವ ತಂದೆತಾಯಿಗೆ. ಅವರಿಗೆ ನುಡಿ ಸಿಗುವುದು ಮನೆಯಿಂದ ದೂರ, ತಮ್ಮಂತಹ ಇನ್ನೊಂದು ಮಗುವಿನ ಕೈಯಿಂದ. ಇದಕ್ಕೇ ನಾನು ಹಾಸ್ಟೆಲಿನ ಕಬ್ಬಿಣದ ಮಂಚಗಳನ್ನು ದೊಡ್ಡ ಗ್ರಂಥಾಲಯದಷ್ಟೇ ಗೌರವದಿಂದ ಕಾಣುತ್ತೇನೆ. ಮನೆ ಬಿಟ್ಟು ಬಂದ ಏಳು ವರ್ಷದ ಮಗುವಿನ ಅಳು ಸುಳ್ಳಲ್ಲ. ಆ ಅಳುವನ್ನು ಯಾರಿಗಾದರೂ ತಿಳಿಯುವ ಹಾಗೆ ಹೇಳಿಕೊಳ್ಳಲು ಅದು ಕಲಿತದ್ದೂ ಅಲ್ಲಿಯೇ.

ಆ ಮಂಚಗಳಿಗೇ ಕುತ್ತು ಬಂದಿತು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಕಿವುಡರ ಶಿಕ್ಷಣದ ಸಮ್ಮೇಳನ ಸನ್ನೆಯನ್ನು ತರಗತಿಯಿಂದ ಹೊರಗಿಟ್ಟು ಬಾಯಿಮಾತನ್ನೇ ಕಲಿಸಬೇಕೆಂದು ನಿರ್ಣಯ ಮಾಡಿತು. ನೂರ ಅರುವತ್ತಕ್ಕೂ ಹೆಚ್ಚು ಪ್ರತಿನಿಧಿಗಳಲ್ಲಿ ಕಿವುಡರು ಒಬ್ಬರೇ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕೂಡ ಈ ಪಕ್ಷದವರು. ಕಿವುಡರನ್ನು ಒಂದೆಡೆ ಕೂಡಿಸುವ ವಸತಿ ಶಾಲೆಗಳಿಂದ ಅವರವರಲ್ಲೇ ಮದುವೆ ಹೆಚ್ಚುತ್ತದೆ ಎಂದು 1883ರಲ್ಲಿ ವಾದಿಸಿದರು. ಬೆಲ್ ಅವರ ತಾಯಿಯೂ ಹೆಂಡತಿಯೂ ಕಿವುಡರಾಗಿದ್ದರು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ಹಲವು ಶಾಲೆಗಳಲ್ಲಿ ಸನ್ನೆ ಮಾಡಿದ ಕೈಗೆ ಏಟು ಬಿತ್ತು, ಕಿವುಡ ಮೇಷ್ಟ್ರುಗಳು ಕೆಲಸ ಕಳೆದುಕೊಂಡರು. ತರಗತಿಯಲ್ಲಿ ಕೈ ಕಟ್ಟಿ ಕೂತ ಮಕ್ಕಳು ರಾತ್ರಿ ಹಾಸ್ಟೆಲಿನಲ್ಲಿ ಕೈ ಬಿಚ್ಚಿದರು. ಭಾಷೆ ಉಳಿದದ್ದು ಹಾಗೆ. 1960ರಲ್ಲಿ ವಿಲಿಯಂ ಸ್ಟೋಕೀ ಎಂಬ ಪ್ರಾಧ್ಯಾಪಕರು ಇದಕ್ಕೆ ತನ್ನದೇ ವ್ಯಾಕರಣವಿದೆ, ಇದು ಪೂರ್ಣ ಭಾಷೆ ಎಂದು ಬರೆದು ತೋರಿಸಿದರು. ಅವರು ಕಲಿಸುತ್ತಿದ್ದುದು ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನಲ್ಲಿ. ಅದನ್ನು 1864ರಲ್ಲಿ ಕಟ್ಟಿದವರು ನಮ್ಮ ಗ್ಯಾಲಡೆಟ್ಟನ ಮಗ ಎಡ್ವರ್ಡ್. ಅವರ ತಾಯಿ ಸೋಫಿಯಾ ಹಾರ್ಟ್‌ಫರ್ಡ್ ಶಾಲೆಯಲ್ಲೇ ಓದಿದ ಕಿವುಡ ಹುಡುಗಿ.

ವೆಸ್ಟ್ ಹಾರ್ಟ್‌ಫರ್ಡಿನ ಈಗಿನ ಶಾಲೆಯ ಆವರಣದಲ್ಲಿ ಡೇನಿಯಲ್ ಚೆಸ್ಟರ್ ಫ್ರೆಂಚ್ ಮಾಡಿದ ಕಂಚಿನ ಶಿಲ್ಪವಿದೆ. ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದಲ್ಲಿ ಕೂತ ಲಿಂಕನ್ನನ್ನು ರೂಪಿಸಿದ ಕಲಾವಿದರೇ ಅವರು. ಕುರ್ಚಿಯಲ್ಲಿ ಕೂತ ಗ್ಯಾಲಡೆಟ್, ಪಕ್ಕದಲ್ಲಿ ನಿಂತ ಆಲಿಸ್. ಹತ್ತಿರ ಹೋಗಿ ನೋಡಿದೆ: ಇಬ್ಬರ ಬಲಗೈಯೂ ಮುಷ್ಟಿ, ಹೆಬ್ಬೆರಳು ಪಕ್ಕಕ್ಕೆ ಅಂಟಿ ನೆಟ್ಟಗೆ ನಿಂತಿದೆ. ಅದು ಬೆರಳಕ್ಷರದ ಮೊದಲನೆಯ ಅಕ್ಷರ. ಹುಡುಗಿ ಕೈ ನೋಡುತ್ತಿಲ್ಲ, ಮೇಷ್ಟ್ರ ಮುಖ ನೋಡುತ್ತಿದ್ದಾಳೆ, ಸರಿಯೇ ಎಂದು ಕೇಳುವ ಹಾಗೆ. ಅಷ್ಟರಲ್ಲಿ ಮನೆಗೆ ಹೊರಟ ಮಕ್ಕಳ ಬಸ್ಸು ಬಂತು. ಒಳಗೆ ಕೂತ ಹುಡುಗನೊಬ್ಬ, ಹೊರಗೆ ನಿಂತ ಗೆಳತಿ. ನಡುವೆ ಮುಚ್ಚಿದ ಗಾಜು, ಎಂಜಿನ್ನಿನ ಸದ್ದು. ಅವರ ಹರಟೆಗೆ ಎರಡೂ ಅಡ್ಡಿಯಾಗಲಿಲ್ಲ. ಬಸ್ಸು ತಿರುಗುವ ತನಕ ಕೈ, ಹುಬ್ಬು, ಭುಜ ಎಲ್ಲ ಮಾತಾಡುತ್ತಲೇ ಇದ್ದವು. ತಂಗಿ ನನ್ನ ಕೈ ಅಮುಕಿ, "ನಮಗಾಗಿದ್ರೆ ಫೋನ್ ಮಾಡಬೇಕಿತ್ತಲ್ಲೇ" ಅಂದಳು.

ಈ ಹೊಳೆಯ ಒಂದು ಸಣ್ಣ ಕಾಲುವೆ ನಮ್ಮ ಕಡೆಗೂ ಬಂದಿದೆ. ಕಿವುಡರೇ ಆದ ಮದನ್ ವಸಿಷ್ಠ ಮತ್ತು ಸಂಗಡಿಗರು 1970ರ ದಶಕದ ಕೊನೆಯಲ್ಲಿ ಗ್ಯಾಲಡೆಟ್ಟಿನಿಂದ ಭಾರತಕ್ಕೆ ಬಂದು ದಿಲ್ಲಿ, ಕೋಲ್ಕತ್ತ, ಮುಂಬೈ, ಬೆಂಗಳೂರುಗಳಲ್ಲಿ ಸನ್ನೆಗಳನ್ನು ದಾಖಲಿಸಿದರು. ಊರೂರಿನ ಸನ್ನೆಗಳು ಬಹುಪಾಲು ಒಂದೇ ಬೇರಿನವು ಎಂದು ಕಂಡುಕೊಂಡರು. ಬೆಂಗಳೂರಿನ ಬಗೆಯ ಮೇಲೆಯೇ ಮುಂದೆ ಅವರದೊಂದು ಪುಸ್ತಕ ಬಂತು. ಆ ಸನ್ನೆಗಳು ಕಲಿಸಿದವರಿಲ್ಲದೆ, ನಮ್ಮ ಶಾಲೆಗಳ ಅಂಗಳದಲ್ಲಿ, ಹಾಸ್ಟೆಲುಗಳಲ್ಲಿ ಬೆಳೆದಂಥವು. ಇಂಥ ನುಡಿಯನ್ನು ಕಾಪಿಡುವ ದಾರಿಯೂ ಹೊಸತಲ್ಲ. ಅಮೆರಿಕದ ಕಿವುಡರು 1910ರ ದಶಕದಲ್ಲಿ ತಮ್ಮ ನುಡಿ ಅಳಿದೀತೆಂಬ ಭಯದಿಂದ ತಾವೇ 5,000 ಡಾಲರ್ ಚಂದಾ ಎತ್ತಿ, ಹಿರಿಯರನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿ ಮೂಕಿಚಿತ್ರ ಮಾಡಿಟ್ಟರು. ಅವರಲ್ಲೊಬ್ಬರಾದ ಜಾರ್ಜ್ ವೆಡಿಟ್ಸ್ 1913ರಲ್ಲಿ ಆಡಿದ ಕೈಮಾತು ಇಂದಿಗೂ ನೋಡಸಿಗುತ್ತದೆ. ಮೈಸೂರಿನಲ್ಲಿಯೂ ಶತಮಾನ ಕಂಡ ಕಿವುಡ ಮಕ್ಕಳ ಶಾಲೆಯಿದೆ. ಐವತ್ತು ಅರುವತ್ತು ವರ್ಷಗಳ ಹಿಂದೆ ಅಲ್ಲಿ ಉಂಡು ಮಲಗಿ ಬೆಳೆದವರು ಈಗ ಅಜ್ಜ ಅಜ್ಜಿಯರಾಗಿ ನಮ್ಮ ನಡುವೆಯೇ ಇದ್ದಾರೆ. ಅವರ ಕಾಲದ ಸನ್ನೆಗಳು, ಮೇಷ್ಟ್ರುಗಳಿಗೆ ಇಟ್ಟ ಗುಟ್ಟಿನ ಹೆಸರುಗಳು, ಊಟದ ಮನೆಯ ತಮಾಷೆಗಳು ಅವರ ಕೈಯಲ್ಲಿವೆ. ಅವನ್ನು ಚಿತ್ರೀಕರಿಸಲು ಈಗ ಚಂದಾ ಎತ್ತಬೇಕಾಗಿಯೂ ಇಲ್ಲ. ಒಂದು ಮೊಬೈಲ್ ಸಾಕು, ಜೊತೆಗೆ ಸನ್ನೆ ಬಲ್ಲ ಒಬ್ಬ ಕಿವುಡ ತರುಣನೋ ತರುಣಿಯೋ ಎದುರು ಕೂತು ಪ್ರಶ್ನೆ ಕೇಳಬೇಕು.